ಎಸ್ಸಿಟಾಲೋಪ್ರಾಮ್ ಗುಳಿಗೆ: ಅಡ್ಡಪರಿಣಾಮ, ಬೇರೆ ಔಷಧಿಗಳ ಜೊತೆಗಿನ ತಂಟೆ. ಪದೇ ಪದೇ ಕೇಳುವ ಪ್ರಶ್ನೆಗಳು

ಇವೆಲ್ಲ ಬಾಗಲಕೋಟೆ ಜಿಲ್ಲೆಯ ಒಂದು ಔಷಧ ಅಂಗಡಿಯ ಕೌಂಟರಿನಲ್ಲಿ, ಫೋನಿನಲ್ಲಿ, ಆಗಾಗ ಬರುವ ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳು. ಹೆಸರು, ಊರು ತೆಗೆದಿದ್ದೇನೆ. ಕೇಳಿದ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಮನೋವೈದ್ಯನಲ್ಲ. ಯಾರಿಗೆ ಯಾವ ಗುಳಿಗೆ ಬೇಕು ಎಂಬುದನ್ನು ಹೇಳುವುದು ನನ್ನ ಕೆಲಸವಲ್ಲ. ಕೊಟ್ಟ ಗುಳಿಗೆ ಮೈಯಲ್ಲಿ ಏನು ಮಾಡುತ್ತದೆ, ಯಾವುದರ ಜೊತೆ ಅದಕ್ಕೆ ಆಗಿಬರುವುದಿಲ್ಲ ಎಂಬುದಷ್ಟೇ ಇಲ್ಲಿದೆ.

ನಮ್ಮ ಕಡೆ ಒಬ್ಬರೇ ಮನುಷ್ಯರ ಕೈಯಲ್ಲಿ ಮೂರು ಚೀಟಿ ಇರುತ್ತವೆ. ಬಿಪಿಗೆ ಊರಿನ ದವಾಖಾನೆಯದು, ಮಂಡಿನೋವಿಗೆ ಇನ್ನೊಬ್ಬ ಡಾಕ್ಟರದು, ಮನಸ್ಸಿಗೆ ಬೆಳಗಾವಿಯದೋ ಧಾರವಾಡದ್ದೋ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ. ಈ ಗುಳಿಗೆಯ ದೊಡ್ಡ ತೊಂದರೆಗಳು ಜಾಸ್ತಿ ಹುಟ್ಟುವುದು ಅಲ್ಲೇ.

## ಶುರುವಿನ ಪ್ರಶ್ನೆಗಳು

ಇದು ನಿದ್ದಿ ಗುಳಿಗಿ ಏನ್ರಿ?

ಅಲ್ಲ. ಖಿನ್ನತೆಗೆ, ಸದಾ ಕಾಡುವ ಆತಂಕಕ್ಕೆ, ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಈಗ ಸಾಯ್ತೀನಿ ಅನ್ನಿಸುವ ಪ್ಯಾನಿಕ್‌ಗೆ ಕೊಡುವ ಗುಳಿಗೆ ಇದು. ಮೆದುಳಿನ ನರಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಬಿಟ್ಟ ಕೋಶವೇ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಎಸ್ಸಿಟಾಲೋಪ್ರಾಮ್ ಆ ಎಳೆತವನ್ನು ತಡೆಯುತ್ತದೆ. ಈ ಗುಂಪಿಗೆ ಎಸ್‌ಎಸ್‌ಆರ್‌ಐ ಎನ್ನುತ್ತಾರೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಇದೇ ಗುಂಪಿನವು.

ಅದಕ್ಕೆ ನಿದ್ದೆ ಗುಳಿಗೆ ಎಂಬ ಹೆಸರು ಅಂಟಿದ್ದಕ್ಕೆ ಕಾರಣ ಬೇರೆ. ನಮ್ಮಲ್ಲಿ ಇದರ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಜೋಡಿ ಗುಳಿಗೆ ಬಹಳ ಓಡುತ್ತದೆ. ಮಂಪರು ತರುವುದು ಆ ಕ್ಲೊನಾಜೆಪಾಮ್. ನಿಮ್ಮದು ಒಂಟಿಯೋ ಜೋಡಿಯೋ ಎಂದು ಪಟ್ಟಿಯ ಮೇಲೆ ದೊಡ್ಡ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ, ಕಣ್ಣು ಹತ್ತದಿದ್ದರೆ ಓದಿಸಿ. ಕಂಪನಿ ಹೆಸರು ಹತ್ತಾರು ಇವೆ, ಒಳಗಿನ ಔಷಧ ಒಂದೇ. ಎರಡು ಬೇರೆ ಹೆಸರಿನ ಪಟ್ಟಿ ಇಟ್ಟುಕೊಂಡು ಎರಡನ್ನೂ ನುಂಗುವವರು ಬರುತ್ತಾರೆ. ಅದು ಡಬಲ್ ಡೋಸ್ ಆಯಿತು.

ಹತ್ತು ದಿನ ಆತು, ಏನೂ ಫರಕ್ ಕಾಣವಲ್ದು. ಬಿಡ್ಲೇನ್ರಿ?

ಬಿಡಬೇಡಿ. ಮನಸ್ಸಿಗೆ ಹಗುರ ಅನ್ನಿಸಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ಪೂರ್ತಿ ಗುಣ ತಿಳಿಯಲು 6ರಿಂದ 8 ವಾರವೂ ಆಗುತ್ತದೆ. ಬೇಜಾರಿನ ಸಂಗತಿ ಏನಂದ್ರೆ ಅಡ್ಡಪರಿಣಾಮ ಮೊದಲ ದಿನವೇ ಬರುತ್ತದೆ, ಗುಣ ಆಮೇಲೆ ಬರುತ್ತದೆ. ಗುಳಿಗೆ ಬಿಟ್ಟುಬಿಡುವವರಲ್ಲಿ ಬಹಳ ಮಂದಿ ಬಿಡುವುದು ಈ ನಡುವಿನ ಹೊತ್ತಿನಲ್ಲೇ. ಮೊದಲ ಚೀಟಿ ಕೊಡುವಾಗಲೇ ಇದನ್ನು ಯಾರಾದರೂ ಒಂದು ಮಾತು ಹೇಳಿದ್ದರೆ ಬಿಡುತ್ತಿರಲಿಲ್ಲ.

ಬೆಳಿಗ್ಗೆ ತಗೋಬೇಕೋ ರಾತ್ರಿನೋ? ಊಟದ ಮುಂಚೆನೋ ಆಮೇಲೋ?

ಡಾಕ್ಟರ್ ಬರೆದ ಹೊತ್ತಿಗೆ. ಅವರು ಹೊತ್ತು ಹೇಳದಿದ್ದರೆ ನಿಮ್ಮ ಮೈ ನೋಡಿಕೊಳ್ಳಿ. ನಿದ್ದೆ ಕೆಟ್ಟರೆ ಬೆಳಿಗ್ಗೆ, ಮಂಪರು ಬಂದರೆ ರಾತ್ರಿ. ದಿನಾ ಒಂದೇ ಹೊತ್ತಿಗೆ ಇರಲಿ. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟೆ ತೊಳಸುವವರು ರೊಟ್ಟಿ ತಿಂದ ಮೇಲೆ ತೆಗೆದುಕೊಂಡರೆ ಸ್ವಲ್ಪ ಆರಾಮ. ಮೊಸರು, ಚಹಾ, ಶೇಂಗಾ ಚಟ್ನಿ ಯಾವುದಕ್ಕೂ ಪಥ್ಯ ಇಲ್ಲ.

ಗುಳಿಗೆಯ ಅರ್ಧ ಭಾಗ ಮೈಯಿಂದ ಹೊರಹೋಗಲು ಸುಮಾರು 30 ಗಂಟೆ ಬೇಕು. ಹಾಗಾಗಿ ಒಂದು ಹೊತ್ತು ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದರೆ ತಗೊಳ್ಳಿ, ಮರುದಿನ ನೆನಪಾದರೆ ಬಿಟ್ಟುಬಿಡಿ. ಎರಡು ಸೇರಿಸಿ ನುಂಗಬೇಡಿ.

ರೋಜಾ ಇರ್ತೀನಿ. ತಿಂಗಳ ಪೂರ್ತಿ ಗುಳಿಗಿ ನಿಲ್ಲಿಸಬೇಕಾ?

ನಿಲ್ಲಿಸಬೇಕಿಲ್ಲ. ದಿನಕ್ಕೆ ಒಂದೇ ಸಲದ ಗುಳಿಗೆ ಇದು. ಇಫ್ತಾರ್ ಆದ ಮೇಲೆ ತಗೊಳ್ಳಿ, ನಿದ್ದೆ ಕೆಡುತ್ತಿದ್ದರೆ ಸಹರಿಯ ಹೊತ್ತಿಗೆ. ಶ್ರಾವಣ ಸೋಮವಾರ, ಏಕಾದಶಿ ಹಿಡಿಯುವವರಿಗೂ ಇದೇ ಮಾತು. ಆದರೆ 65 ದಾಟಿದವರು, ಬಿಪಿಗೆಂದು ಕೊಡುವ ನೀರಿನ ಗುಳಿಗೆ (ಮೂತ್ರ ಹೆಚ್ಚಿಸುವಂಥದ್ದು) ತೆಗೆದುಕೊಳ್ಳುವವರು ಬಿಜಾಪುರದ ಬೇಸಿಗೆಯಲ್ಲಿ ಹಗಲೆಲ್ಲ ನೀರಿಲ್ಲದೆ ಇರುವ ಮುಂಚೆ ಡಾಕ್ಟರರನ್ನು ಕೇಳಿ. ಕಾರಣ ಸೋಡಿಯಂ ಪ್ರಶ್ನೆಯಲ್ಲಿದೆ.

ಒಮ್ಮೆ ಹತ್ತಿದ್ರ ಸಾಯೋತನ ಬಿಡಂಗಿಲ್ಲ, ಚಟ ಆಗ್ತೈತಿ ಅಂತಾರಲ್ಲ?

ಚಟ ಎಂದರೆ ಅಮಲಿಗಾಗಿ ಹಂಬಲಿಸುವುದು, ದಿನ ಹೋದಂತೆ ಜಾಸ್ತಿ ಬೇಕೆನಿಸುವುದು, ಅಲ್ವಾ? ಎಸ್ಸಿಟಾಲೋಪ್ರಾಮ್‌ನಲ್ಲಿ ಅದು ಇಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ಮೈ ತಕರಾರು ತೆಗೆಯುತ್ತದೆ. ಜನ ಅದನ್ನೇ ಚಟ ಅಂದುಕೊಳ್ಳುತ್ತಾರೆ. ಜೋಡಿ ಗುಳಿಗೆಯ ಕ್ಲೊನಾಜೆಪಾಮ್ ಮಾತು ಬೇರೆ. ಅದು ನಿಜವಾಗಿ ಅಂಟಿಕೊಳ್ಳುತ್ತದೆ. ಮೊದಲ ಕೆಲವು ವಾರಕ್ಕೆಂದು ಬರೆದ ಜೋಡಿ ಗುಳಿಗೆಯನ್ನು ಅದೇ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಒಯ್ಯುವವರಿದ್ದಾರೆ. ನಿಮ್ಮದು ಹಾಗಿದ್ದರೆ ಒಂಟಿ ಗುಳಿಗೆಗೆ ಬರಬಹುದಾ ಎಂದು ಡಾಕ್ಟರರನ್ನು ಕೇಳಿ. ಸುಮ್ನೆ ನೀವೇ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡ ಕ್ಲೊನಾಜೆಪಾಮ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು.

## ಮೈಗೆ ಆಗುವುದು

ಹೊಟ್ಟಿ ತೊಳಸ್ತೈತಿ, ತಲಿ ನೋವು, ಬಾಯಿ ಒಣಗ್ತೈತಿ. ಗುಳಿಗಿ ನನಗ ಆಗವಲ್ದು ಅಂತ ಅರ್ಥ ಏನ್ರಿ?

ಹಾಗೇನಿಲ್ಲ. ವಾಕರಿಕೆ ಇದರ ಅತಿ ಸಾಮಾನ್ಯ ಅಡ್ಡಪರಿಣಾಮ. ಸಿರೊಟೋನಿನ್ ಮೆದುಳಿಗಿಂತ ಜಾಸ್ತಿ ಇರುವುದು ಕರುಳಿನಲ್ಲಿ, ಹಾಗಾಗಿ ಮೊದಲು ಹೊಟ್ಟೆಯೇ ದೂರುತ್ತದೆ. ತಲೆನೋವು, ಭೇದಿ, ಬೆವರು, ಸುಸ್ತು, ಕಾರಣವಿಲ್ಲದ ಆಕಳಿಕೆ, ವಿಚಿತ್ರ ಕನಸು ಇವೂ ಬರುತ್ತವೆ. ಹೆಚ್ಚಿನವರಿಗೆ ಎರಡು ವಾರದಲ್ಲಿ ತಗ್ಗುತ್ತವೆ. ಇದಕ್ಕೇ ಅನೇಕ ಡಾಕ್ಟರರು 5 ಮಿ.ಗ್ರಾಂ.ನಿಂದ ಶುರು ಮಾಡಿ, ವಾರದ ನಂತರ 10ಕ್ಕೆ ಏರಿಸುತ್ತಾರೆ. ಮೈಮೇಲೆ ದದ್ದು, ಮುಖ ಊದುವುದು, ಉಸಿರು ಕಟ್ಟುವುದು ಕಂಡರೆ ಮಾತ್ರ ಅದು ಅಲರ್ಜಿ. ತಡಮಾಡದೆ ದವಾಖಾನೆಗೆ ಹೋಗಿ. ಕಣ್ಣು ಕೆಂಪಾಗಿ ಜೋರು ನೋವು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ನೋಡಬೇಕು. ಕೆಲವರ ಕಣ್ಣಿನೊಳಗಿನ ಒತ್ತಡ ಇದರಿಂದ ಏರಬಹುದು.

ಗುಳಿಗಿ ಚಾಲೂ ಮಾಡಿದ ಮ್ಯಾಲ ಮಗನ ಚಡಪಡಿಕಿ ಜಾಸ್ತಿನ ಆಗೇತಿ. ಕುಂತಲ್ಲಿ ಕೂಡವಲ್ಲ. ಅವಗ 19 ವರ್ಷ.

ಈ ಪ್ರಶ್ನೆಯನ್ನು ನಾಳೆಗೆ ಇಡಬೇಡಿ. ಇವತ್ತೇ ಡಾಕ್ಟರರಿಗೆ ಫೋನ್ ಮಾಡಿ.

ಮೊದಲ ವಾರಗಳಲ್ಲಿ ಕೆಲವರಿಗೆ ಆತಂಕ, ಸಿಡುಕು, ನಿದ್ದೆಗೇಡು ಜಾಸ್ತಿಯಾಗುತ್ತದೆ. ದೊಡ್ಡವರಲ್ಲಿ ಬಹುತೇಕ ತಾನಾಗಿ ಇಳಿಯುತ್ತದೆ. ಆದರೆ ಹದಿಹರೆಯದವರಲ್ಲಿ, 24 ವರ್ಷದವರೆಗಿನ ಹುಡುಗ ಹುಡುಗಿಯರಲ್ಲಿ, ಇಂಥ ಗುಳಿಗೆಗಳ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಮಕ್ಕಳ ವಿಷಯದಲ್ಲಿ, 2007ರಲ್ಲಿ 24 ವರ್ಷದವರೆಗಿನವರ ವಿಷಯದಲ್ಲಿ ಇದನ್ನು ಡಬ್ಬಿಯ ಚೀಟಿಯಲ್ಲೇ ಎಚ್ಚರಿಕೆಯಾಗಿ ಹಾಕಿಸಿತು. ಗುಳಿಗೆಯೇ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಜೀವ ತೆಗೆಯುತ್ತದೆ. ಮೊದಲ ತಿಂಗಳು, ಡೋಸ್ ಬದಲಾದ ವಾರ, ಮನೆಯವರು ಹತ್ತಿರ ಇರಬೇಕು ಅಷ್ಟೇ. ಗುಳಿಗೆ ಪಟ್ಟಿ, ಹೊಲಕ್ಕೆ ಹೊಡೆಯುವ ಔಷಧ ಎರಡನ್ನೂ ಬೀಗದೊಳಗೆ ಇಡಿ. ಸಾಯುವ ಯೋಚನೆ ಬರ್ತದೇನಪ್ಪಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ 108.

ಕೇಳಾಕ ನಾಚಿಕಿ ಬರ್ತೈತ್ರಿ. ಗುಳಿಗಿ ತಗೊಂಡಾಗಿಂದ ಗಂಡ ಹೆಂಡತಿ ನಡುವಿನ ವಿಷಯ ಮೊದಲಿನಂಗ ಇಲ್ಲ.

ಅಂಗಡಿಯಲ್ಲಿ ಬೇರೆ ಗಿರಾಕಿ ಹೋಗುವ ತನಕ ನಿಂತು ಇದನ್ನು ಕೇಳುತ್ತಾರೆ. ಹೆಣ್ಣುಮಕ್ಕಳು ಕೇಳುವುದೇ ಇಲ್ಲ, ಗುಳಿಗೆ ನಿಲ್ಲಿಸಿಬಿಡುತ್ತಾರೆ.

ಇದು ಗುಳಿಗೆಯದೇ ಕೆಲಸ. ನಿಮ್ಮ ಗಂಡಸ್ತನದ ಕೊರತೆಯೂ ಅಲ್ಲ, ಸಂಸಾರದ ಮೇಲಿನ ಪ್ರೀತಿ ಕಡಿಮೆಯಾದದ್ದೂ ಅಲ್ಲ. ಆಸೆ ತಗ್ಗುವುದು, ಗಂಡಸರಲ್ಲಿ ವೀರ್ಯ ಬರುವುದು ತಡವಾಗುವುದು, ಹೆಂಗಸರಲ್ಲಿ ತೃಪ್ತಿ ಆಗದೇ ಇರುವುದು ಈ ಗುಂಪಿನ ಎಲ್ಲ ಗುಳಿಗೆಗಳಲ್ಲೂ ಇದೆ. ವಾಕರಿಕೆಯಂತೆ ಇದು ಎರಡು ವಾರಕ್ಕೆ ಹೋಗುವ ಖಾತ್ರಿ ಇಲ್ಲ. ಖಿನ್ನತೆಯೂ ಆಸೆಯನ್ನು ಕೊಲ್ಲುತ್ತದೆ. ಹಾಗಾಗಿ ಗುಳಿಗೆಗೆ ಮುಂಚೆ ಹೇಗಿತ್ತು ಎಂಬುದನ್ನೂ ಡಾಕ್ಟರರಿಗೆ ಹೇಳಿ.

ದಾರಿಗಳಿವೆ. ಡೋಸ್ ಇಳಿಸಬಹುದು. ಈ ತೊಂದರೆ ಕಡಿಮೆ ಇರುವ ಬುಪ್ರೊಪಿಯಾನ್, ಮಿರ್ಟಾಝಪಿನ್‌ನಂಥ ಔಷಧಿಗೆ ಬದಲಿಸಬಹುದು. ಗಂಡಸರಿಗೆ ಕೆಲವೊಮ್ಮೆ ಸಿಲ್ಡೆನಾಫಿಲ್ ಬರೆಯುತ್ತಾರೆ. ಅದನ್ನು ನೀವೇ ಕೊಂಡು ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರಿಗೆ ಅದು ಜೀವಕ್ಕೇ ಕುತ್ತು. ಗುಳಿಗೆ ಬಿಟ್ಟ ಮೇಲೆ ಬಹುತೇಕ ಎಲ್ಲ ಸರಿಹೋಗುತ್ತದೆ. ಕೆಲವರಲ್ಲಿ ಬಿಟ್ಟ ಮೇಲೂ ಉಳಿದದ್ದು ವರದಿಯಾಗಿದೆ. ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಇದನ್ನು ಒಪ್ಪಿ ಮಾಹಿತಿ ಚೀಟಿಯಲ್ಲಿ ಸೇರಿಸಲು ಹೇಳಿತು. ಮುಚ್ಚಿಡುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ದಪ್ಪ ಆಗ್ತೀನಾ?

ಸ್ವಲ್ಪ ಆಗಬಹುದು, ಬಹಳ ಅಲ್ಲ. ಮೊದಲ ವಾರಗಳಲ್ಲಿ ಹಸಿವು ತಗ್ಗಿ ತೂಕ ಇಳಿಯುವುದೂ ಉಂಟು. ಖಿನ್ನತೆಯಲ್ಲಿ ಊಟ ಬಿಟ್ಟವರು ಮತ್ತೆ ಊಟ ಮಾಡಲು ಶುರು ಮಾಡಿದಾಗ ಏರುವ ತೂಕವನ್ನು ಗುಳಿಗೆಯ ತಲೆಗೆ ಕಟ್ಟಬಾರದು.

ಟ್ರ್ಯಾಕ್ಟರ್ ಹೊಡೀತೀನಿ, ಕಬ್ಬಿನ ಹಂಗಾಮು ಐತಿ. ನಡೀತೈತೇನ್ರಿ?

ಮೊದಲ ವಾರ, ಡೋಸ್ ಏರಿಸಿದ ಮೊದಲ ಕೆಲವು ದಿನ ಬೇಡ. ಆಮೇಲೆ ಮಂಪರು, ಚಕ್ಕರ್ ಇಲ್ಲದಿದ್ದರೆ ಅಡ್ಡಿಯಿಲ್ಲ. ಜೋಡಿ ಗುಳಿಗೆ ಆದರೆ ಮಾತು ಬೇರೆ. ರಾತ್ರಿ ಕ್ಲೊನಾಜೆಪಾಮ್ ನುಂಗಿ, ನಸುಕಿಗೆ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಕಾರ್ಖಾನೆಯ ದಾರಿ ಹಿಡಿಯುವುದು ನಿಮಗೂ ಎದುರು ಬರುವವರಿಗೂ ಅಪಾಯ. ಬನಹಟ್ಟಿ, ಇಳಕಲ್ ಕಡೆ ಮಗ್ಗದ ಮುಂದೆ ಕೂರುವವರಿಗೂ ಇದೇ ಮಾತು.

ಅವ್ವಗ 72 ವರ್ಷ. ಗುಳಿಗಿ ಚಾಲೂ ಆಗಿ ಹದಿನೈದು ದಿನಕ್ಕ ಗೊಂದಲ ಮಾಡ್ಕೋತಾಳ, ನಡಿಯುವಾಗ ಬೀಳ್ತಾಳ. ವಯಸ್ಸಾತು ಅಂತ ಸುಮ್ಮ ಇರ್ಲೇನು?

ಸುಮ್ಮನೆ ಇರಬೇಡಿ. ಇವತ್ತೇ ರಕ್ತದಲ್ಲಿ ಸೋಡಿಯಂ ನೋಡಿಸಿ. ಸೀರಮ್ ಎಲೆಕ್ಟ್ರೊಲೈಟ್ಸ್ ಎಂದು ಕೇಳಿದರೆ ಯಾವ ಲ್ಯಾಬಿನಲ್ಲೂ ಮಾಡುತ್ತಾರೆ, ಭಾರಿ ಖರ್ಚಿಲ್ಲ.

ಈ ಗುಂಪಿನ ಗುಳಿಗೆಗಳು ಕೆಲವರ ಮೈಯಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನನ್ನು ಹೆಚ್ಚಿಸುತ್ತವೆ. ನೀರು ನಿಲ್ಲುತ್ತದೆ, ರಕ್ತದ ಸೋಡಿಯಂ ತೆಳ್ಳಗಾಗುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ. ಶುರುವಾಗುವುದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ. ತಲೆನೋವು, ವಾಕರಿಕೆ, ಸುಸ್ತು, ಗೊಂದಲ, ಬೀಳುವುದು. ತೀರಾ ಇಳಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಮನೆಯವರು ಅರಳು ಮರಳು ಅಂದುಕೊಂಡು ಬಿಡುತ್ತಾರೆ. ಇಲ್ಲವೇ ಖಿನ್ನತೆ ಜಾಸ್ತಿಯಾಯಿತು, ಡೋಸ್ ಏರಿಸಿ ಎಂದು ಕೇಳುತ್ತಾರೆ. ಆಗ ಇನ್ನೂ ಕೆಡುತ್ತದೆ.

ಇದರ ಜೊತೆ ಬಿಪಿಯ ನೀರಿನ ಗುಳಿಗೆ ಇದ್ದರೆ ಅಪಾಯ ಹೆಚ್ಚು. ಟೆಲ್ಮಿಸಾರ್ಟಾನ್ ಪಟ್ಟಿಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಾಝೈಡ್ ಇರುವುದು ಸಾಮಾನ್ಯ. ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಇದೇ ತರಹದವು. ನಮ್ಮಲ್ಲಿ ಅರವತ್ತು ದಾಟಿದ ಎಷ್ಟು ಮಂದಿ ಇವನ್ನು ನುಂಗುತ್ತಾರೆ ಎಂದು ಯಾವ ಔಷಧ ಅಂಗಡಿಯಲ್ಲಿ ಒಂದು ಗಂಟೆ ಕೂತರೂ ತಿಳಿಯುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆವರಿಗೆ ಉಪ್ಪು ಹೋಗಿ, ಮೇಲೆ ಬರೀ ನೀರು ಕುಡಿದರೆ ಸೋಡಿಯಂ ಇನ್ನೂ ಇಳಿಯುತ್ತದೆ. ಮನೆಯಲ್ಲೇ ಉಪ್ಪು ತಿನ್ನಿಸಿ ಸರಿಮಾಡಲು ಹೋಗಬೇಡಿ. ತೀರಾ ಇಳಿದ ಸೋಡಿಯಂ ಅನ್ನು ಗಡಿಬಿಡಿಯಲ್ಲಿ ಏರಿಸಿದರೂ ಮೆದುಳಿಗೆ ಪೆಟ್ಟು. ಅದು ದವಾಖಾನೆಯಲ್ಲಿ ಅಳೆದು ಮಾಡುವ ಕೆಲಸ.

ತಮ್ಮ ರಾತ್ರಿ ಎರಡು ತಾಸು ಮಲಗ್ತಾನ, ಆದ್ರೂ ಹುರುಪು. ಸಾಲ ಮಾಡಿ ಬೈಕ್ ತಂದಾನ. ಗುಳಿಗಿಂದ ಆರಾಮ ಆದ ಅಂತ ಖುಷಿ ಪಡ್ಲಾ?

ಬೇಡ. ಇದು ಖಿನ್ನತೆಯಿಂದ ಅತಿ ಹುರುಪಿನ ಕಡೆ ಜಿಗಿದ ಲಕ್ಷಣ ಇರಬಹುದು. ಬೈಪೋಲಾರ್ ಕಾಯಿಲೆ ಇರುವವರಿಗೆ ಬರೀ ಈ ಗುಳಿಗೆ ಕೊಟ್ಟರೆ ಹೀಗಾಗುವುದುಂಟು. ಮನೆತನದಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಹೇಳಿ. ಎರಡು ದಿನದೊಳಗೆ ಮನೋವೈದ್ಯರನ್ನು ಕಾಣಬೇಕು.

## ಬೇರೆ ಔಷಧಿಗಳ ಜೊತೆ

ಮಂಡಿ ನೋವಿಗೆ ದಿನಾ ಒಂದು ಪೇನ್ ಕಿಲ್ಲರ್ ತಗೋತೀನಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?

ರಕ್ತಸ್ರಾವದ ಸಂಬಂಧ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಿಗೂ ಸಿರೊಟೋನಿನ್ ಬೇಕು. ಈ ಗುಳಿಗೆ ಅವಕ್ಕೆ ಸಿಗದಂತೆ ಮಾಡುತ್ತದೆ. ಡೈಕ್ಲೊಫೆನಾಕ್, ಏಸಿಕ್ಲೊಫೆನಾಕ್, ಐಬುಪ್ರೊಫೆನ್ ಹೊಟ್ಟೆಯ ಒಳಪದರ ಕೆರೆಯುತ್ತವೆ. ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಸಂಭವ ಹೆಚ್ಚು. ಹೃದಯಕ್ಕೆಂದು ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ರಕ್ತ ತೆಳು ಮಾಡುವ ವಾರ್ಫರಿನ್, ಅಸೆನೊಕೌಮರಾಲ್ ಜೊತೆಗೂ ಹೀಗೇ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿಪುಡಿಯಂಥದ್ದು ಕಂಡರೆ, ತಕ್ಷಣ ದವಾಖಾನೆ.

ಬರೀ ಪ್ಯಾರಾಸಿಟಮಾಲ್‌ಗೆ ಈ ತಕರಾರು ಇಲ್ಲ. ನೋವಿಗೆ ಮೊದಲು ಅದನ್ನೇ ನೋಡಿ. ಆಸ್ಪಿರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದನ್ನು ಬಿಡುವುದೇ ದೊಡ್ಡ ಅಪಾಯ. ಹಲ್ಲು ಕೀಳಿಸುವ, ಆಪರೇಷನ್ ಮಾಡಿಸುವ ಮುಂಚೆ ಈ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಹೇಳಿ.

ಖಾರ ತಿಂದು ಉರಿತೈತಿ. ಮುಂಜಾನೆ ಒಂದು ಆಸಿಡಿಟಿ ಕ್ಯಾಪ್ಸೂಲ್ ನುಂಗಿದ್ರ ನಡೀತೈತಲ್ಲ?

ಯಾವ ಕ್ಯಾಪ್ಸೂಲ್ ಎಂಬುದರ ಮೇಲೆ. ಒಮೆಪ್ರಝೋಲ್, ಎಸೊಮೆಪ್ರಝೋಲ್ ಎರಡೂ ಲಿವರಿನಲ್ಲಿ ಎಸ್ಸಿಟಾಲೋಪ್ರಾಮ್ ಕರಗಿಸುವ ಕಿಣ್ವವನ್ನು ಹಿಡಿದು ಕೂರುತ್ತವೆ. ಒಂದೇ ಗಾಣಕ್ಕೆ ಇಬ್ಬರ ಕಬ್ಬು ಬಂದಂತೆ, ಒಬ್ಬರದು ಕಾಯುತ್ತದೆ. ಒಮೆಪ್ರಝೋಲ್ ಜೊತೆ ಎಸ್ಸಿಟಾಲೋಪ್ರಾಮ್ ಮಟ್ಟ ರಕ್ತದಲ್ಲಿ ಸುಮಾರು ಅರ್ಧದಷ್ಟು ಏರುತ್ತದೆ. ಅಂದರೆ 10 ಮಿ.ಗ್ರಾಂ. ನುಂಗಿದವರ ಮೈಯಲ್ಲಿ 15 ನುಂಗಿದಷ್ಟು ಕೆಲಸ. ಹರೆಯದವರಿಗೆ ಇದು ದೊಡ್ಡದಲ್ಲ. ಎಪ್ಪತ್ತರ ಅಜ್ಜನಿಗೆ, ದಿನಕ್ಕೆ 20 ಮಿ.ಗ್ರಾಂ. ನುಂಗುವವರಿಗೆ ದೊಡ್ಡದೇ. ಪ್ಯಾಂಟೊಪ್ರಝೋಲ್‌ನಲ್ಲಿ ಈ ತೊಂದರೆ ಬಹಳ ಕಡಿಮೆ. ಚೀಟಿಯಲ್ಲಿ ಒಮೆಪ್ರಝೋಲ್ ಇದ್ದರೆ ಬದಲಿಸಿಕೊಡ್ತೀರಾ ಎಂದು ಡಾಕ್ಟರರನ್ನು ಕೇಳುವುದು ತಪ್ಪಲ್ಲ.

ಕೆಮ್ಮಿನ ಸಿರಪ್, ಸೊಂಟ ನೋವಿನ ಗುಳಿಗಿ ಜೊತಿ ತಗೊಂಡೆ. ಮೈ ನಡುಗಾಕತ್ತೈತಿ, ಬೆವರು ಕಿತ್ಕೊಂಡು ಬರ್ತೈತಿ.

ಗುಳಿಗೆ, ಸಿರಪ್ ಎಲ್ಲ ನಿಲ್ಲಿಸಿ ಈಗಲೇ ದವಾಖಾನೆಗೆ ಹೋಗಿ. ಎಲ್ಲ ಪಟ್ಟಿಗಳನ್ನೂ ಚೀಲದಲ್ಲಿ ಒಯ್ಯಿರಿ.

ಇದು ಸಿರೊಟೋನಿನ್ ಸಿಂಡ್ರೋಮ್ ಇರಬಹುದು. ಸಿರೊಟೋನಿನ್ ಹೆಚ್ಚಿಸುವ ಎರಡು ಮೂರು ಔಷಧ ಒಟ್ಟಿಗೆ ಸೇರಿದಾಗ ಬರುವುದು. ನಡುಕ, ಕಾಲಿನ ಸ್ನಾಯು ತಾನಾಗಿ ಎಗರುವುದು, ಬೆವರು, ಭೇದಿ, ಎದೆಬಡಿತ ಏರುವುದು, ಚಡಪಡಿಕೆ. ಜೋರಾದರೆ ಮೈ ಬೆಂಕಿಯಂತೆ ಕಾದು ಪ್ರಜ್ಞೆ ತಪ್ಪುತ್ತದೆ. ಹೆಚ್ಚಿನವರಲ್ಲಿ ಹೊಸ ಔಷಧ ಸೇರಿದ ಒಂದು ದಿನದೊಳಗೇ ಕಾಣಿಸಿಕೊಳ್ಳುತ್ತದೆ.

ನಮ್ಮ ಕಡೆ ಇದಕ್ಕೆ ದಾರಿ ಮಾಡುವ ಎರಡು ಔಷಧ ನೆನಪಿಡಿ. ಒಂದು ಟ್ರಮಡಾಲ್. ಪ್ಯಾರಾಸಿಟಮಾಲ್ ಜೊತೆ ಸೇರಿಸಿ ಸೊಂಟ ನೋವಿಗೆ, ಆಪರೇಷನ್ ಆದ ಮೇಲೆ ಬರೆಯುತ್ತಾರೆ. ಇದು ಫಿಟ್ಸ್ ಬರುವ ಸಂಭವವನ್ನೂ ಹೆಚ್ಚಿಸುತ್ತದೆ. ಇನ್ನೊಂದು ಡೆಕ್ಸ್‌ಟ್ರೊಮೆಥಾರ್ಫಾನ್, ಒಣಕೆಮ್ಮಿನ ಅನೇಕ ಸಿರಪ್‌ಗಳಲ್ಲಿ ಇರುತ್ತದೆ. ಬಾಟಲಿಯ ಮೇಲೆ ‘ಡಿ’ ಅಥವಾ ‘ಡಿಎಕ್ಸ್’ ಕಂಡರೆ ಒಳಗಿನದನ್ನು ಓದಿ. ಮೈಗ್ರೇನ್‌ನ ಸುಮಾಟ್ರಿಪ್ಟಾನ್, ಬೈಪೋಲಾರ್ ಕಾಯಿಲೆಯ ಲಿಥಿಯಂ ಇದ್ದರೂ ಡಾಕ್ಟರರಿಗೆ ಗೊತ್ತಿರಬೇಕು. ಪಾರ್ಕಿನ್ಸನ್ ಕಾಯಿಲೆಯ ಸೆಲೆಜಿಲಿನ್, ರಸಾಜಿಲಿನ್ ಜೊತೆಗೆ ಡಾಕ್ಟರರನ್ನು ಕೇಳದೆ ಕೂಡಿಸಲೇಬಾರದು.

ಜ್ವರಕ್ಕ ಅಜಿಥ್ರೊಮೈಸಿನ್, ವಾಂತಿಗೆ ಒಂದು ಗುಳಿಗಿ ಕೊಟ್ಟಾರ. ಹೃದಯಕ್ಕ ಏನರ ಆಗ್ತೈತಿ ಅಂತ ಎಲ್ಲೋ ಓದಿದೆ.

ಓದಿದ್ದು ಸುಳ್ಳಲ್ಲ. ಎಸ್ಸಿಟಾಲೋಪ್ರಾಮ್ ಹೃದಯದ ವಿದ್ಯುತ್ ಮಿಡಿತದ ಒಂದು ಭಾಗವನ್ನು ಉದ್ದ ಮಾಡುತ್ತದೆ. ಇಸಿಜಿಯಲ್ಲಿ ಅದನ್ನು ಕ್ಯೂಟಿ ಎನ್ನುತ್ತಾರೆ. ಬಹಳ ಉದ್ದವಾದರೆ ಬಡಿತ ತಾಳ ತಪ್ಪಿ, ಅಪರೂಪಕ್ಕೆ ಜೀವ ಹೋಗಬಹುದು. ಡೋಸ್ ಏರಿದಷ್ಟೂ ಪರಿಣಾಮ ಜಾಸ್ತಿ. 2011ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 65 ದಾಟಿದವರಿಗೆ ದಿನಕ್ಕೆ 10 ಮಿ.ಗ್ರಾಂ. ಮೀರಬಾರದು ಎಂದಿತು. ಉಳಿದ ದೊಡ್ಡವರಿಗೆ ಮಿತಿ 20.

ಅಜಿಥ್ರೊಮೈಸಿನ್, ಲಿವೊಫ್ಲೊಕ್ಸಾಸಿನ್, ವಾಂತಿಯ ಆಂಡಾನ್ಸೆಟ್ರಾನ್, ಹೊಟ್ಟೆ ಉಬ್ಬರಕ್ಕೆ ಕೊಡುವ ಡೊಂಪೆರಿಡೋನ್, ಹೈಡ್ರಾಕ್ಸಿಕ್ಲೊರೊಕ್ವಿನ್, ಹ್ಯಾಲೊಪೆರಿಡಾಲ್ ಇವೂ ಅದೇ ಕೆಲಸ ಮಾಡುತ್ತವೆ. ಒಮ್ಮೆ ಜ್ವರ ಬಂದು ಮೂರು ದಿನ ಅಜಿಥ್ರೊಮೈಸಿನ್ ತೆಗೆದುಕೊಂಡ ಗಟ್ಟಿಮುಟ್ಟಾದ ಮನುಷ್ಯನಿಗೆ ಏನೂ ಆಗದಿರುವುದೇ ಹೆಚ್ಚು. ಆದರೆ ಹೃದಯದ ಕಾಯಿಲೆ, ವಾಂತಿ ಭೇದಿಯಿಂದ ಪೊಟ್ಯಾಸಿಯಂ ಇಳಿದದ್ದು, ವಯಸ್ಸು, ಮೇಲೆ ಇಂಥ ಎರಡು ಔಷಧ, ಎಲ್ಲ ಒಂದೇ ಮನುಷ್ಯನಲ್ಲಿ ಸೇರಿದರೆ ಮೊದಲು ಇಸಿಜಿ ತೆಗೆಸಬೇಕು. ಗುಳಿಗೆ ನುಂಗುತ್ತಿರುವಾಗ ಕಣ್ಣು ಕತ್ತಲಿಟ್ಟು ಬಿದ್ದರೆ ‘ಉಪವಾಸದ ಚಕ್ಕರ್’ ಎಂದು ಬಿಡಬೇಡಿ.

ಶುಗರ್, ಬಿಪಿ ಎರಡೂ ಐತಿ. ಅವೂ ಇದೂ ಒಟ್ಟಿಗೆ ತಗೊಳ್ಳಾಕತ್ತೀನಿ.

ತಗೊಳ್ಳಬಹುದು, ಸಾವಿರಾರು ಜನ ತೆಗೆದುಕೊಳ್ಳುತ್ತಾರೆ. ಎರಡು ಮಾತು ಗಮನದಲ್ಲಿರಲಿ. ಮೆಟೊಪ್ರೊಲಾಲ್ ಇದ್ದರೆ ಅದರ ಮಟ್ಟವನ್ನು ಈ ಗುಳಿಗೆ ಏರಿಸುತ್ತದೆ. ನಾಡಿ ನಿಧಾನವಾಗಿ, ಎದ್ದು ನಿಂತಾಗ ತಲೆ ತಿರುಗಬಹುದು. ಗ್ಲಿಮೆಪಿರೈಡ್, ಇನ್ಸುಲಿನ್ ಮೇಲಿರುವವರ ಸಕ್ಕರೆ ಮೊದಲ ವಾರಗಳಲ್ಲಿ ಮೇಲೆ ಕೆಳಗೆ ಆಗಬಹುದು. ಇಳಿದ ಸಕ್ಕರೆಯ ನಡುಕ, ಬೆವರು, ಆತಂಕದ ನಡುಕ ನೋಡಲು ಒಂದೇ ತರಹ. ಯಾವುದೆಂದು ಊಹಿಸುವ ಬದಲು ಬೆರಳು ಚುಚ್ಚಿ ನೋಡಿಬಿಡಿ. ಆಮ್ಲೊಡಿಪಿನ್, ಮೆಟ್‌ಫಾರ್ಮಿನ್ ಜೊತೆ ಹೇಳಿಕೊಳ್ಳುವಂಥ ತಂಟೆ ಇಲ್ಲ.

ನಾಟಿ ಔಷಧ, ಪುಡಿ ಜೊತಿ ತಗೋಬಹುದಾ?

ಹೆಸರು ಬರೆಯದ ಪುಡಿಯ ಬಗ್ಗೆ ನಾನು ಹೇಗೆ ಹೇಳಲಿ? ಕೀಲುನೋವಿನ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್, ನೋವಿನ ಗುಳಿಗೆ ಕುಟ್ಟಿ ಬೆರೆಸಿದ್ದು ನಮ್ಮ ದೇಶದಲ್ಲಿ ಸಿಕ್ಕಿದೆ. ಆನ್‌ಲೈನ್‌ನಲ್ಲಿ ಬರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, 5 ಎಚ್‌ಟಿಪಿ ಎಂಬ ಗುಳಿಗೆ ಎರಡೂ ಸಿರೊಟೋನಿನ್ ಏರಿಸುತ್ತವೆ, ಬೇಡವೇ ಬೇಡ.

ವಾರಕ್ಕೊಮ್ಮೆ ಕುಡಿತೀನಿ, ಅಷ್ಟಕ್ಕೆ ಏನಾಗ್ತೈತಿ?

ಮಂಪರು ಜಾಸ್ತಿಯಾಗುತ್ತದೆ, ಕುಡಿತ ಖಿನ್ನತೆಯನ್ನೂ ಹೆಚ್ಚಿಸುತ್ತದೆ. ಕುಡಿಯಬೇಡಿ ಎಂದೇ ಔಷಧದ ಚೀಟಿಯಲ್ಲೂ ಬರೆದಿದೆ. ಜೋಡಿ ಗುಳಿಗೆ ನುಂಗಿ ಕುಡಿದರೆ ಉಸಿರೇ ನಿಧಾನವಾಗಬಹುದು. ಕುಡಿಯಲಿಕ್ಕೆಂದು ಅವತ್ತಿನ ಗುಳಿಗೆ ಬಿಡುವವರೂ ಇದ್ದಾರೆ. ಅದರಿಂದ ಏನೂ ಉಪಯೋಗವಿಲ್ಲ, ಹಿಂದಿನ ದಿನಗಳ ಗುಳಿಗೆ ಮೈಯಲ್ಲೇ ಇರುತ್ತದೆ.

## ಇನ್ನೂ ಆಳದ ಪ್ರಶ್ನೆಗಳು

ಮಗಳಿಗೆ ಮೂರು ತಿಂಗಳು. ಅತ್ತೆ ಮನೆಯವರು ಗುಳಿಗೆ ಬಿಡಿಸಿದ್ದಾರೆ. ಸರೀನಾ?

ಡಾಕ್ಟರರನ್ನು ಕೇಳದೆ ಬಿಡಿಸಿದ್ದು ಸರಿಯಲ್ಲ. ಬಸುರಿಯಲ್ಲಿ ಖಿನ್ನತೆ ಮರುಕಳಿಸಿದರೆ ಊಟ, ನಿದ್ದೆ ಬಿಟ್ಟು ತಾಯಿ ಮಗು ಇಬ್ಬರಿಗೂ ತೊಂದರೆ. ಗುಳಿಗೆಯಲ್ಲಿ ಅಪಾಯ ಇಲ್ಲವೆಂದಲ್ಲ. ಕೊನೆ ತಿಂಗಳುಗಳಲ್ಲಿ ತೆಗೆದುಕೊಂಡರೆ ಕೂಸು ಹುಟ್ಟಿದ ಮೊದಲ ದಿನಗಳಲ್ಲಿ ನಡುಗಬಹುದು, ಹಟ ಮಾಡಬಹುದು, ಹಾಲು ಸರಿಯಾಗಿ ಕುಡಿಯದಿರಬಹುದು. ಬಹಳ ಅಪರೂಪಕ್ಕೆ ಕೂಸಿನ ಶ್ವಾಸಕೋಶದ ರಕ್ತದೊತ್ತಡ ಏರುತ್ತದೆ. ಹೆರಿಗೆಯಲ್ಲಿ ತಾಯಿಗೆ ರಕ್ತಸ್ರಾವ ತುಸು ಜಾಸ್ತಿಯಾಗಬಹುದು. ಎರಡೂ ಕಡೆಯ ತೂಕ ನೋಡಿ ಮನೋವೈದ್ಯರು, ಹೆರಿಗೆ ಡಾಕ್ಟರ್ ಸೇರಿ ತೀರ್ಮಾನಿಸಬೇಕು. ಹೆರಿಗೆ ದವಾಖಾನೆಯಲ್ಲಿ ಮಾಡಿಸಿ, ಗುಳಿಗೆ ವಿಷಯ ಮುಂಚೆಯೇ ಹೇಳಿ. ಮೊಲೆಹಾಲಿಗೆ ಔಷಧ ಸ್ವಲ್ಪ ಹೋಗುತ್ತದೆ. ಹೊಸದಾಗಿ ಶುರು ಮಾಡುವುದಾದರೆ ಸರ್ಟ್ರಾಲಿನ್ ಕಡೆ ಒಲವು ಹೆಚ್ಚು.

ಅಣ್ಣನೂ ನಾನೂ ಇಬ್ಬರೂ 10 ಮಿ.ಗ್ರಾಂ. ತಗೋತೀವಿ. ಅವನಿಗೆ ಏನೂ ಇಲ್ಲ, ನನಗೆ ಮಾತ್ರ ಯಾಕೆ ಇಷ್ಟು ತ್ರಾಸ?

ಆಸಿಡಿಟಿ ಪ್ರಶ್ನೆಯಲ್ಲಿ ಹೇಳಿದ ಲಿವರಿನ ಕಿಣ್ವದ ಹೆಸರು ಸಿವೈಪಿ2ಸಿ19. ಅದು ಎಷ್ಟು ಚುರುಕು ಎಂಬುದು ಹುಟ್ಟಿನಿಂದ ಬರುತ್ತದೆ. ಒಡಹುಟ್ಟಿದವರಲ್ಲೂ ಬೇರೆ ಬೇರೆ. ಮಂದ ಕಿಣ್ವದವರು ನಮ್ಮ ದೇಶದಲ್ಲಿ ಅಪರೂಪವಲ್ಲ. ಅವರಿಗೆ 10 ಮಿ.ಗ್ರಾಂ. ಜಾಸ್ತಿಯಾಗಬಹುದು, 5ರಲ್ಲೇ ಸಾಕಾಗಬಹುದು. ಅತಿ ಚುರುಕಿನವರಿಗೆ 10 ಸಾಲದೆ ಇರಬಹುದು. ಲಿವರ್ ಕೆಟ್ಟವರಿಗೂ ಡೋಸ್ ಕಡಿಮೆ ಇರಬೇಕು. ಜೀನ್ ಪರೀಕ್ಷೆ ದೊಡ್ಡ ಲ್ಯಾಬುಗಳಲ್ಲಿ ಸಿಗುತ್ತದೆ, ಹೆಚ್ಚಿನವರಿಗೆ ಅದು ಬೇಕಿಲ್ಲ. ಆಗುವ ತ್ರಾಸವನ್ನು ತಾರೀಖಿನ ಸಮೇತ ಬರೆದು ಡಾಕ್ಟರರಿಗೆ ತೋರಿಸಿದರೆ ಅಷ್ಟರಲ್ಲೇ ಡೋಸ್ ಸರಿಮಾಡಬಹುದು. ಗಂಭೀರ ಅಡ್ಡಪರಿಣಾಮವನ್ನು ನೀವೇ ಸರ್ಕಾರಕ್ಕೂ ತಿಳಿಸಬಹುದು. ಔಷಧ ಸುರಕ್ಷತೆಯ ಉಚಿತ ಸಹಾಯವಾಣಿ 1800 180 3024.

ಈಗ ಆರಾಮ ಅದೀನಿ. ಯಾವಾಗ ಬಿಡಬಹುದು? ನಾಲ್ಕು ದಿನ ಬಿಟ್ಟೆ, ತಲ್ಯಾಗ ಕರೆಂಟ್ ಹೊಡದಂಗ ಆತು.

ಆ ಕರೆಂಟು ಹೊಡೆದಂತಾಗುವುದು ಗುಳಿಗೆ ಒಮ್ಮೆಲೇ ನಿಲ್ಲಿಸಿದ್ದರ ಗುರುತು. ತಲೆ ಸುತ್ತು, ಸಿಡುಕು, ಅಳು, ಕೆಟ್ಟ ಕನಸು, ವಾಕರಿಕೆ ಕೂಡ ಬರುತ್ತವೆ. ಬಿಟ್ಟ ಕೆಲವೇ ದಿನಗಳಲ್ಲಿ ಶುರುವಾಗಿ, ಮತ್ತೆ ಗುಳಿಗೆ ತೆಗೆದುಕೊಂಡರೆ ಬೇಗ ಇಳಿದರೆ ಅದು ಬಿಟ್ಟದ್ದರ ತ್ರಾಸ. ವಾರಗಟ್ಟಲೆ ಆರಾಮಿದ್ದು, ಆಮೇಲೆ ನಿಧಾನವಾಗಿ ಮಂಕು ಕವಿದರೆ ಕಾಯಿಲೆ ವಾಪಸ್ ಬಂದಿರಬಹುದು. ಎರಡಕ್ಕೂ ಮದ್ದು ಬೇರೆ, ಹಾಗಾಗಿ ಯಾವುದೆಂದು ಡಾಕ್ಟರರೇ ನೋಡಬೇಕು.

ಮೊದಲ ಸಲದ ಖಿನ್ನತೆಯಾದರೆ, ಪೂರ್ತಿ ಆರಾಮಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ಹೇಳುತ್ತಾರೆ. ಎರಡು ಮೂರು ಸಲ ಮರುಕಳಿಸಿದವರಿಗೆ ವರ್ಷಗಳು. ಬಿಡುವುದು ಮೆಟ್ಟಿಲು ಮೆಟ್ಟಿಲಾಗಿ. 10ರಿಂದ 5, ಕೆಲವು ವಾರದ ಮೇಲೆ ಇನ್ನೂ ಕಡಿಮೆ. ಬಹಳ ವರ್ಷ ತೆಗೆದುಕೊಂಡವರಿಗೆ ಕೊನೆಯ ಮೆಟ್ಟಿಲುಗಳೇ ಕಷ್ಟ, ತಿಂಗಳುಗಳೇ ಬೇಕಾಗಬಹುದು. ದಿನ ಬಿಟ್ಟು ದಿನ ನುಂಗುವುದು ಒಳ್ಳೆಯ ದಾರಿಯಲ್ಲ. ಮಟ್ಟ ಏರಿಳಿದು ತ್ರಾಸ ಜಾಸ್ತಿ. ದುಡ್ಡಿನ ಕಾರಣಕ್ಕೆ ಬಿಡುವುದಾದರೆ ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಅಗ್ಗಕ್ಕೆ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲೂ ಕೇಳಿ ನೋಡಿ.

ಟಿಬಿ ಬಂದೈತಿ ಅಂತ ಹೇಳ್ಯಾರ. ಮಾನಸಿಕ ಗುಳಿಗಿ ವಿಷಯ ಅಲ್ಲಿ ಹೇಳಬೇಕೇನ್ರಿ?

ಹೇಳಲೇಬೇಕು. ಸಾಮಾನ್ಯ ಟಿಬಿಯ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಚುರುಕು ಮಾಡುತ್ತದೆ. ಎಸ್ಸಿಟಾಲೋಪ್ರಾಮ್ ಬೇಗ ಕರಗಿ, ಇಳಿದಿದ್ದ ಆತಂಕ ಮತ್ತೆ ಏರಬಹುದು. ಅದನ್ನು ‘ಟಿಬಿ ಚಿಂತೆ’ ಅಂದುಕೊಂಡು ಬಿಡುತ್ತಾರೆ. ಟಿಬಿ ಔಷಧ ಮುಗಿದ ಮೇಲೆ ಉಲ್ಟಾ ಆಗಿ ಮಟ್ಟ ಏರುತ್ತದೆ, ಆಗಲೂ ಡೋಸ್ ನೋಡಬೇಕು.

ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಲಿನೆಝೋಲಿಡ್ ಇನ್ನೂ ಗಂಭೀರ. ಅದು ಸಿರೊಟೋನಿನ್ ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಅದರ ಜೊತೆ ಕೊಡುವ ಟಿಬಿ ಔಷಧಗಳಲ್ಲಿ ಬೆಡಾಕ್ವಿಲಿನ್, ಮಾಕ್ಸಿಫ್ಲೊಕ್ಸಾಸಿನ್ ಇದ್ದರೆ ಕ್ಯೂಟಿಯೂ ಉದ್ದವಾಗುತ್ತದೆ. ಸಮಯವಿದ್ದರೆ ಎಸ್ಸಿಟಾಲೋಪ್ರಾಮ್ ಇಳಿಸಿ ನಿಲ್ಲಿಸಿ, ಎರಡು ವಾರ ಬಿಟ್ಟು ಲಿನೆಝೋಲಿಡ್ ಶುರು ಮಾಡುತ್ತಾರೆ. ಸಮಯವಿಲ್ಲದಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನಿಗಾ ವಹಿಸುತ್ತಾರೆ. ಟಿಬಿ ಕೇಂದ್ರಕ್ಕೆ ಹೋಗುವಾಗ ಮನಸ್ಸಿನ ಚೀಟಿ ಮನೆಯಲ್ಲಿ ಬಚ್ಚಿಟ್ಟು ಹೋಗುವವರು ಬಹಳ. ಆ ಚೀಟಿಯನ್ನೇ ಮೇಲೆ ಇಡಿ. ಅಲ್ಲಿ ಹತ್ತು ಜನರ ಮುಂದೆ ಮಾತಾಡಲು ಸಂಕೋಚವಾದರೆ, ಬಾಯಿ ಬಿಡದೆ ಗುಳಿಗೆಯ ಪಟ್ಟಿಯನ್ನು ಡಾಕ್ಟರರ ಮೇಜಿನ ಮೇಲೆ ಇಟ್ಟರೂ ಸಾಕು, ಅವರು ಓದಿಕೊಳ್ಳುತ್ತಾರೆ.